ಕಿವಿಯ ನಯ, ಮಾಪಕದ ನಯ

ಜಗಳೂರಿನ ಸೀಮೆಯ ಬಯಲಿನಲ್ಲಿ ಜಾತ್ರೆಯ ನಾಟಕಕ್ಕೆ ಮೈಕ್‌ಸೆಟ್ ಕಟ್ಟುವವನು ವೇದಿಕೆಯ ಮೇಲೆ ಒಬ್ಬನನ್ನು ಮಾತನಾಡಲು ನಿಲ್ಲಿಸಿ, ತಾನು ಬಯಲಿನ ಕೊನೆಯವರೆಗೆ ನಡೆದುಹೋಗಿ ಆಲಿಸುತ್ತಾನೆ. ಕೈಯಲ್ಲಿ ಯಾವ ಮಾಪಕವೂ ಇರುವುದಿಲ್ಲ. ಅದೇ ಸ್ಪೀಕರುಗಳನ್ನು ನ್ಯಾಮತಿಯ ಕಡೆಯ ತಗಡಿನ ಮಾಡಿನ ಸಭಾಂಗಣದಲ್ಲಿಟ್ಟರೆ ಮಾತಿನ ಮೇಲೆ ಮಾತು ಬಿದ್ದು ಪ್ರವಚನ ಗದ್ದಲವಾಗುವುದೆಂದು ಅವನಿಗೆ ರೂಢಿಯಿಂದ ಗೊತ್ತು. ಚನ್ನಗಿರಿ, ಹೊನ್ನಾಳಿಗಳಲ್ಲಿ ಮೊಬೈಲಿನಲ್ಲಿ ಅಳತೆಯ ರೇಖಾಚಿತ್ರ ನೋಡಿ ಸ್ಪೀಕರ್ ಕೊಳ್ಳುವ ತರುಣರಿಗೆ ಇದು ಬರೀ ಅಂದಾಜು. ಹಳಬರಿಗೆ ಆ ರೇಖೆಯೇ ಹಾಡು ಕೇಳಲು ಬಾರದವರ ಲೆಕ್ಕ. ಭಿನ್ನಾಭಿಪ್ರಾಯಕ್ಕಿಂತ ಪರಸ್ಪರರ ಈ ತಿರಸ್ಕಾರವೇ ಆಕ್ಷೇಪಾರ್ಹವಾದುದು.

ಶಬ್ದದ ಸ್ವರೂಪವನ್ನು ಕುರಿತ ವಾದ ನಮ್ಮಲ್ಲಿ ಹಳೆಯದು. ವೈಶೇಷಿಕರು ಅದನ್ನು ಆಕಾಶದ ಗುಣವೆಂದರು. ಜೈನರು ಒಪ್ಪಲಿಲ್ಲ, ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವು ಶಬ್ದವನ್ನು ಪುದ್ಗಲದ ಪರ್ಯಾಯಗಳಲ್ಲಿ ಎಣಿಸುತ್ತದೆ. ಪುದ್ಗಲವಾದುದರಿಂದಲೇ ಅದು ತಾಗುತ್ತದೆ, ತಡೆಗೆ ಸಿಲುಕುತ್ತದೆ. ತಾಗುವುದನ್ನು ಅಳೆಯಲೂ ಬರುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಶಬ್ದಕ್ಕೆ ಬಿಳಿಯ ಬಣ್ಣವನ್ನೇ ಹೇಳಿಬಿಡುತ್ತಾನೆ. ಇಂದಿನ ವಿದ್ಯಾರ್ಥಿಗಳು ಇಲ್ಲಿ ನಗುವುದುಂಟು. ದ್ರವ್ಯಕ್ಕೆ ವರ್ಣವಿರಲೇಬೇಕೆಂಬ ತತ್ತ್ವವನ್ನು ವೈಯಾಕರಣನೊಬ್ಬ ಕೊನೆಯವರೆಗೂ ಪಾಲಿಸಿದ ಬಗೆಯದು. ಅದೇ ಪದ್ಯದಲ್ಲಿ ದೇಹವು ವಾದ್ಯ, ನಾಲಗೆಯು ನುಡಿಸುವ ಕೋಲು, ಆತ್ಮನು ಕರ್ತೃ, ಅವನ ಮನೋವೃತ್ತಿಯು ನಿಮಿತ್ತ ಎಂದೂ ಇದೆ. ದ್ರವ್ಯವನ್ನು ಒಪ್ಪಿದ ಕೇಶಿರಾಜನು ಮನಸ್ಸನ್ನು ಹೊರಗಿಡಲಿಲ್ಲ.

ಮಾಪಕದ ಪಕ್ಷದವರು ಮರೆಯುವ ಸಂಗತಿಯೊಂದಿದೆ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಕೇಳುಗರನ್ನು ಕೂರಿಸಿ, ಯಾವ ಸ್ವರ ಎಷ್ಟು ಜೋರಾಗಿ ಕೇಳಿಸುವುದೆಂದು ಪರೀಕ್ಷಿಸಿ ಎಳೆದ ರೇಖೆಗಳೇ ಡೆಸಿಬಲ್ ಮಾಪಕದ ‘ಎ’ ತೂಕಕ್ಕೆ ಮೂಲ. ಯಂತ್ರದೊಳಗೆ ಆಗಲೇ ಮನುಷ್ಯರ ಕಿವಿ ಕುಳಿತಿದೆ. ಕಿವಿಯ ಪಕ್ಷದವರಿಗೂ ನುಂಗಲಾರದ ತುತ್ತೊಂದುಂಟು. ಫ್ಲಾಯ್ಡ್ ಟೂಲ್, ಶಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸ್ಪೀಕರುಗಳನ್ನು ಮರೆಮಾಡಿ ಕೇಳಿಸಿದಾಗ ಕೇಳುಗರು ಕೊಟ್ಟ ಅಂಕಗಳು, ಅವನ್ನೇ ಕಣ್ಣೆದುರಿಗಿಟ್ಟು ಕೇಳಿಸಿದಾಗ ಬದಲಾದವು. ಕಿವಿಯಿಂದ ಕೇಳಿದೆನೆಂದುಕೊಂಡವನು ಎಷ್ಟೋ ವೇಳೆ ಕಣ್ಣಿನಿಂದ ಕೇಳಿರುತ್ತಾನೆ.

ಹಾಗೆಂದು ಎರಡೂ ಸರಿ ಎಂದು ಕೈತೊಳೆದುಕೊಳ್ಳುವುದು ಅನೇಕಾಂತವಲ್ಲ, ಸೋಮಾರಿತನ. ವಸ್ತುವಿನ ಒಂದು ಅಂಶವನ್ನು ಹಿಡಿದು, ಉಳಿದವನ್ನು ಅಲ್ಲಗಳೆಯದೆ ಹೇಳುವುದು ನಯ. ತಾನು ಹಿಡಿದ ಅಂಶವೇ ಸರ್ವಸ್ವವೆಂದರೆ ಅದು ದುರ್ನಯ. ಗೌರವ ಸಲ್ಲಬೇಕಾದುದು ನಯಕ್ಕೆ. ಆದ್ದರಿಂದ ತಂತಿ ಬದಲಿಸಿದೊಡನೆ ವೀಣೆಯ ನಾದ ಅರಳಿತೆನ್ನುವ ವಿಮರ್ಶಕನು ಮರೆಯಲ್ಲಿಟ್ಟ ಸ್ಪೀಕರನ್ನು ಕೇಳಿ ಹೇಳಲು ಸಿದ್ಧನಿರಬೇಕು. ಗೋಡೆಗಳು ಸದ್ದನ್ನು ಹೀರಿಬಿಡುವ ಪ್ರಯೋಗಶಾಲೆಯಲ್ಲಿ ಅಳೆದವನು, ತಗಡಿನ ಮಾಡಿನ ಕೆಳಗೆ ಕುಳಿತವರಿಗೆ ಕೇಳಿಸುವುದೇನೆಂದು ಆ ಒಂದು ರೇಖೆಯಿಂದಲೇ ತೀರ್ಪು ಕೊಡಬಾರದು. ಎಲ್ಲಿ ಕೇಳಿದ್ದು, ಎಷ್ಟು ದೂರದಿಂದ, ಯಾವ ಧ್ವನಿಯನ್ನು, ಎಂಬಿಷ್ಟನ್ನು ಇಬ್ಬರೂ ಬರೆದರೆ ‘ಸ್ಯಾತ್’ ಎಂಬ ಪದದ ಕೆಲಸ ನಡೆದಂತೆಯೇ.

ಮಾಪಕಕ್ಕೇ ಮೊದಲ ಮಾತು ಸಲ್ಲುವ ಎಡೆಯೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಪಕ್ಕದ ಮನೆಯ ರೋಗಿಯ ನಿದ್ದೆಯ ಪ್ರಶ್ನೆ ಬಂದಾಗ ಮೈಕ್‌ಸೆಟ್ಟಿನವನ ರಸಿಕತೆಯನ್ನು ಕೇಳಿ ಪ್ರಯೋಜನವಿಲ್ಲ. ಆದರೆ ಊರವರು ಚಂದಾ ಎತ್ತಿ ಸಮುದಾಯ ಭವನಕ್ಕೆ ಸ್ಪೀಕರ್ ತರುವಾಗ ಅಂಗಡಿಯವನು ಕೊಟ್ಟ ಅಳತೆಯ ಹಾಳೆಯೊಂದೇ ಸಾಲದು. ಅದನ್ನು ಓದಬಲ್ಲ ತರುಣನೂ ಜೊತೆಗಿರಲಿ. ಕೊಳ್ಳುವ ಮೊದಲು ಒಂದು ಸಂಜೆ ಅದೇ ಭವನದಲ್ಲಿ ಓದಿಸಿ, ಹಿಂದಿನ ಸಾಲಿನಲ್ಲಿ ಕುಳಿತ ಕಿವಿ ಮಂದವಾದ ಅಜ್ಜಿಗೆ ಎಷ್ಟು ಪದಗಳು ತಿಳಿದವೆಂದು ಕೇಳಲಿ.