ಘಾಟಿ ಜಾತ್ರೆಯ ಬಯಲಿಗೆ ಜೋಡಿಗೆ 200 ರೂಪಾಯಿ, ಮನೆಗೊಂದು ಭಾನುವಾರ

ರೈತ ಬಂಧುಗಳೇ, ದೊಡ್ಡಬಳ್ಳಾಪುರದ ನೇಕಾರ ಅಣ್ಣತಮ್ಮಂದಿರೇ, ಸುಬ್ರಹ್ಮಣ್ಯಸ್ವಾಮಿಯ ಭಕ್ತರೇ, ಕಾಲೇಜಿನ ಹುಡುಗ ಹುಡುಗಿಯರೇ,

ಪುಷ್ಯ ಶುದ್ಧ ಷಷ್ಠಿಗೆ ಘಾಟಿಯಲ್ಲಿ ತೇರು. ಅದಕ್ಕೆ ಮುಂಚೆಯೇ ದೇವಸ್ಥಾನದ ಸುತ್ತಿನ ಬಯಲಲ್ಲಿ ಗೂಟ ಬೀಳುತ್ತವೆ, ಪೆಂಡಾಲು ಏಳುತ್ತವೆ, ತಮಟೆ ಹೊಡೆಸಿಕೊಂಡು ಹೋರಿಗಳು ಬಂದಿಳಿಯುತ್ತವೆ. ರಾಗಿ ಕೊಯ್ಲು ಮುಗಿದಿರುತ್ತದೆ, ಹುಲ್ಲು ಮೆದೆಗೆ ಸೇರಿರುತ್ತದೆ, ಎತ್ತಿಗೂ ಎತ್ತಿನ ಯಜಮಾನನಿಗೂ ಬಿಡುವಿರುತ್ತದೆ. ತುಮಕೂರು, ಮಂಡ್ಯ, ರಾಮನಗರದ ಕಡೆಯ ಜೋಡಿಗಳನ್ನು ನೋಡಲು ಉತ್ತರ ಕರ್ನಾಟಕದಿಂದ ಬರುತ್ತಾರೆ, ಗಡಿಯಾಚೆಯ ಆಂಧ್ರ, ತಮಿಳುನಾಡಿನಿಂದ ಬರುತ್ತಾರೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟು ಮಾತಾಡುತ್ತಾರೆ. ಇಲ್ಲಿ ಮಾರಾಟವಾಗದ ಜೋಡಿ ಸಂಕ್ರಾಂತಿಗೆ ಚುಂಚನಕಟ್ಟೆಗೆ, ಶಿವರಾತ್ರಿಗೆ ಸಿದ್ಧಗಂಗೆಗೆ ಹೋಗುತ್ತದೆ.

ಇಷ್ಟೆಲ್ಲ ನಡೆಯುವ ಆ ಬಯಲಿಗೆ ವರ್ಷದ ಉಳಿದ ದಿನಗಳಲ್ಲಿ ದಿಕ್ಕು ಯಾರು? ದೇವರಿಗೆ ಪೂಜೆಯವರಿದ್ದಾರೆ, ತೇರಿಗೆ ಮಿಣಿ ಹಿಡಿಯುವವರಿದ್ದಾರೆ. ಬಯಲಿಗೆ ಯಾರೂ ಇಲ್ಲ. ಅದಕ್ಕೇ ಈ ಕರಪತ್ರ.

ನಾವು ಹೇಳುವುದು ಒಂದೇ ಮಾತು. ಹಳ್ಳಿಕಾರ್ ದನ ಉಳಿದಿರುವುದು ಅದನ್ನು ತಂದು ಕಟ್ಟಿ ನಾಲ್ಕು ಜನರಿಗೆ ತೋರಿಸುವ ಜಾಗ ಇರುವುದರಿಂದ. ಉಳುಮೆಗೆ ಟ್ರ್ಯಾಕ್ಟರ್ ಬಂದಾಯಿತು, ಹಾಲಿಗೆ ಸೀಮೆಹಸು ಬಂದಾಯಿತು. ಆದರೂ ಒಬ್ಬ ರೈತ ಮನೆಯಲ್ಲಿ ಎರಡು ಹೋರಿಗರು ಕಟ್ಟಿ, ಹುರುಳಿ ಬೇಯಿಸಿ ಹಾಕಿ, ಹಿಂಡಿ ಬೂಸಾಕ್ಕೆ ಸಾಲ ಮಾಡಿ ಸಾಕುತ್ತಾನೆಂದರೆ, ಜಾತ್ರೆಯಲ್ಲಿ ಅದರ ಕೊಂಬು, ಕಾಲು, ಹಲ್ಲು ನೋಡಿ ಬೆಲೆ ಕಟ್ಟುವ ಕಣ್ಣುಗಳಿವೆ ಎಂಬ ಧೈರ್ಯದಿಂದ. 2000ನೇ ಇಸವಿಯಲ್ಲಿ ಅಂಚೆ ಇಲಾಖೆ ದೇಶದ ನಾಲ್ಕು ತಳಿಗಳ ಅಂಚೆಚೀಟಿ ತಂದಾಗ ಗಿರ್, ಕಾಂಕ್ರೇಜ್, ಕಂಗಾಯಂ ಜೊತೆ ನಮ್ಮ ಹಳ್ಳಿಕಾರ್ ಕೂಡ ಇತ್ತು. ಚೀಟಿಯಲ್ಲಿ ಉಳಿದರೆ ಸಾಲದು, ಕೊಟ್ಟಿಗೆಯಲ್ಲಿ ಉಳಿಯಬೇಕು.

ಜಾಗ ಹೋದರೆ ದನ ಏನಾಗುತ್ತದೆ ಎಂಬುದಕ್ಕೆ ದೂರ ಹುಡುಕಬೇಕಿಲ್ಲ. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿಗೆ ಸೇರಿದ್ದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದು ಹೆಸರಾದ ಆ ದನಕ್ಕೆ ನಾಡಿನುದ್ದಕ್ಕೂ ಕಾವಲುಗಳಿದ್ದವು. ಕಾವಲು ಒಂದೊಂದಾಗಿ ಬೇರೆ ಕೆಲಸಕ್ಕೆ ಹೋದವು. ಚಳ್ಳಕೆರೆಯ ಕಾವಲಿನಲ್ಲಿ ಇವತ್ತು ಸಂಶೋಧನಾ ಸಂಸ್ಥೆಗಳ ಕಾಂಪೌಂಡು ಎದ್ದಿದೆ. ಹುಲ್ಲುಗಾವಲು ಕರಗಿದ ಹಾಗೆ ದನವೂ ಕರಗಿತು. ನಮ್ಮ ಸೀಮೆಯಲ್ಲಿ 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಜಮೀನಿನ ಬೆಲೆ ಎಲ್ಲಿಗೆ ಹೋಗಿದೆ ಎಂದು ಯಾರಿಗೂ ಹೇಳಬೇಕಿಲ್ಲ. ಪಾಳು ಬಿದ್ದಂತೆ ಕಾಣುವ ಬಯಲಿನ ಮೇಲೆ ಎಲ್ಲರ ಕಣ್ಣೂ ಬೀಳುತ್ತದೆ. ನೀರಿನ ತೊಟ್ಟಿ, ಸಾಲುಮರ, ವರ್ಷವಿಡೀ ಓಡಾಡುವ ಜನ ಇರುವ ಬಯಲನ್ನು ಕೇಳಲು ಬರುವವರು ಎರಡು ಸಲ ಯೋಚಿಸುತ್ತಾರೆ.

ಈಗ ಏನು ಬೇಕು, ಕೇಳಿ.

ಮೊದಲು ನೀರು. ಒಂದು ದೊಡ್ಡ ಎತ್ತಿಗೆ ದಿನಕ್ಕೆ 30ರಿಂದ 40 ಲೀಟರ್ ಬೇಕು. ಸಾವಿರ ಜೋಡಿ ಕಟ್ಟಿದರೆ ದಿನಕ್ಕೆ 60ರಿಂದ 80 ಸಾವಿರ ಲೀಟರ್, ಅಂದರೆ 5 ಸಾವಿರ ಲೀಟರಿನ ಟ್ಯಾಂಕರು 12ರಿಂದ 16 ಸಲ ಬಂದು ಹೋಗಬೇಕು. ಬಕೆಟ್ ಹಿಡಿದು ಕ್ಯೂ ನಿಲ್ಲುವ ಕಷ್ಟ ದನ ಕಟ್ಟಿದ ಹೆಣ್ಣುಮಕ್ಕಳನ್ನು ಕೇಳಿದರೆ ತಿಳಿಯುತ್ತದೆ. ಬಯಲಿನ ನಾಲ್ಕೂ ಕಡೆ ಕಲ್ಲಿನ ತೊಟ್ಟಿ ಬೇಕು, ಅದಕ್ಕೆ ಪೈಪು ಬೇಕು, ಸೋರಿದ ನೀರು ಹರಿದು ಹೋಗಲು ಕಾಲುವೆ ಬೇಕು. ನಿಮ್ಮ ಹಣದ ಮೊದಲ ಪಾಲು ಇದಕ್ಕೇ.

ಎರಡನೆಯದು ರೋಗದ ಮಾತು. 2022ರಲ್ಲಿ ಚರ್ಮಗಂಟು ರೋಗ ಬಂದು ಜಾತ್ರೆ ನಿಂತದ್ದು ಎಲ್ಲರಿಗೂ ನೆನಪಿದೆ. ಎಷ್ಟೋ ಜನ ಜೋಡಿ ಸಿದ್ಧ ಮಾಡಿಕೊಂಡು ಮನೆಯಲ್ಲೇ ಕೂತರು. ನೊಂದುಕೊಂಡೆವು, ಆದರೆ ನೊಣ, ಸೊಳ್ಳೆ, ಉಣ್ಣೆಯಿಂದ ಹರಡುವ ರೋಗಕ್ಕೆ ದನಗಳ ಗುಂಪಿಗಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಆ ವರ್ಷ ನಿಲ್ಲಿಸಿದ್ದು ಸರಿ. ಮುಂದೆ ನಿಲ್ಲಿಸುವ ಸಂದರ್ಭ ಬಾರದಂತೆ ನಾವೇನು ಮಾಡಬಹುದು ಎಂಬುದು ಇವತ್ತಿನ ಪ್ರಶ್ನೆ. ಬಯಲಿಗೆ ಬರುವ ದಾರಿಯಲ್ಲೇ ತಪಾಸಣೆಗೆ ಒಂದು ಚಪ್ಪರ ಬೇಕು. ಕಾಯಿಲೆ ಬಿದ್ದ ದನವನ್ನು ದೂರ ಕಟ್ಟಲು ಬೇರೆ ಶೆಡ್ಡು ಬೇಕು. ಸಗಣಿ ಗಂಜಲ ದಿನದಿನವೂ ತೆಗೆಯಬೇಕು, ಇಲ್ಲದಿದ್ದರೆ ನೊಣ ತಪ್ಪದು. ದನ ತರುವವರು ಕಿವಿಯ ಹಳದಿ ಓಲೆಯ 12 ಅಂಕಿ ನಂಬರು, ಕಾಲುಬಾಯಿ ಮತ್ತು ಚರ್ಮಗಂಟು ಲಸಿಕೆಯ ಚೀಟಿ ಇಟ್ಟುಕೊಂಡೇ ಹೊರಡಿ. ಲಸಿಕೆ ಜಾತ್ರೆಗೆ ಕನಿಷ್ಠ 4 ವಾರ ಮೊದಲೇ ಆಗಿರಲಿ, ಹಿಂದಿನ ದಿನ ಚುಚ್ಚಿಸಿದರೆ ಪ್ರಯೋಜನವಿಲ್ಲ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದುತ್ತಿರುವ ಮಕ್ಕಳನ್ನು ಕೈಮುಗಿದು ಕರೆಯುತ್ತಿದ್ದೇವೆ. ಹಲ್ಲು ನೋಡಿ ವಯಸ್ಸು ಹೇಳುವುದನ್ನು ನಮ್ಮ ಹಿರಿಯರಿಂದ ಕಲಿಯಿರಿ, ನೀವು ಓದಿದ್ದನ್ನು ನಮಗೆ ಹೇಳಿಕೊಡಿ.

ಇನ್ನು ನೆರಳು. ಹೊಂಗೆ, ಬೇವು, ಹುಣಸೆ, ನೇರಳೆ. ಗುಂಡಿ ಈಗ, ಸಸಿ ಮುಂಗಾರಿಗೆ. ಸಸಿ ನೆಟ್ಟು ಫೋಟೊ ತೆಗೆಸಿಕೊಂಡು ಹೋಗುವವರು ದಯವಿಟ್ಟು ಬರಬೇಡಿ. ಒಂದು ಸಸಿಗೆ ಮುಳ್ಳು ಕಟ್ಟಿ ಎರಡು ಬೇಸಿಗೆ ನೀರು ಹಾಕುವ ಮನೆಯವರು ಬೇಕು.

ಹಣ ಎಲ್ಲಿಂದ? ಅಮೆರಿಕದ ಅಯೋವಾ ರಾಜ್ಯದ ಜಾತ್ರೆ 1886ರಿಂದ ಡೆ ಮೊಯ್ನ್ ಊರಿನ ಒಂದೇ ಬಯಲಿನಲ್ಲಿ ನಡೆಯುತ್ತಿದೆ. ಅಲ್ಲಿಯ ಹಳೆಯ ದನದ ಕೊಟ್ಟಿಗೆಗಳು, ಕಟ್ಟಡಗಳು ಶಿಥಿಲವಾದಾಗ 1993ರಲ್ಲಿ ದುರಸ್ತಿಗೆಂದೇ ಒಂದು ಪ್ರತಿಷ್ಠಾನ ಕಟ್ಟಿದರು. ಆ ರಾಜ್ಯದ ಆದಾಯ ತೆರಿಗೆಯ ಅರ್ಜಿಯಲ್ಲೇ ಜಾತ್ರೆಯ ಬಯಲಿಗೆ ದೇಣಿಗೆ ಬರೆಯುವ ಒಂದು ಸಾಲಿದೆ. ದೇಣಿಗೆಯ ನೆರವಿನಿಂದ ಕಟ್ಟಡಗಳು ಎದ್ದು ನಿಂತವು. ಜಾತ್ರೆಗೆ ಹೋಗುವವರೇ ಜಾತ್ರೆಯ ಬಯಲನ್ನು ಸಾಕುವುದು ನಮಗೇನು ಹೊಸದಲ್ಲ, ಕೆರೆ ಕಟ್ಟೆ ಅರವಟ್ಟಿಗೆಗಳನ್ನು ನಮ್ಮವರು ಹೀಗೇ ಮಾಡಿಕೊಂಡು ಬಂದಿದ್ದಾರೆ.

ದನ ಕಟ್ಟುವವರು ಜೋಡಿಗೆ 200 ರೂಪಾಯಿ ಕೊಡಿ. ಕೊಂಡವರು, ಮಾರಿದವರು, ದಲ್ಲಾಳಿಗಳು ವ್ಯಾಪಾರ ಕುದುರಿದ ಸಂತೋಷಕ್ಕೆ ಮನಸ್ಸು ಬಂದಷ್ಟು ಕೊಡಿ. ಕನ್ನಡಿಯಲ್ಲಿ ನರಸಿಂಹನ ದರ್ಶನ ಮಾಡಿಕೊಂಡು, ನಾಗರಕಲ್ಲಿಗೆ ಹಾಲೆರೆದು ಬೆಂಗಳೂರಿಗೆ ಹೊರಡುವ ಭಕ್ತರೇ, ಕಾರು ತಿರುಗಿಸುವ ಮುಂಚೆ ಬಯಲಿನ ಕಡೆ ಹತ್ತು ಹೆಜ್ಜೆ ಬನ್ನಿ, ಒಂದು ತೊಟ್ಟಿಯ ಒಂದು ಕಲ್ಲಿನ ಹಣ ನಿಮ್ಮದಾಗಲಿ. ನೇಕಾರ ಬಂಧುಗಳು ಹಣದ ಬದಲು ಚಪ್ಪರಕ್ಕೆ ಬಟ್ಟೆ ಕೊಟ್ಟರೂ ಆಯಿತು.

ಇನ್ನೊಂದು ದಾರಿಯಿದೆ, ನಮಗೆ ಇದರ ಮೇಲೇ ಹೆಚ್ಚು ನಂಬಿಕೆ: ಗೊಬ್ಬರ. ಒಂದು ದನ ದಿನಕ್ಕೆ 10 ಕೆಜಿ ಸಗಣಿ ಹಾಕಿದರೂ ಸಾವಿರ ಜೋಡಿಗೆ 20 ಟನ್. ಜಾತ್ರೆ ಮುಗಿದ ಮೇಲೆ ಇದು ತುಳಿತಕ್ಕೆ ಸಿಕ್ಕಿ, ಪ್ಲಾಸ್ಟಿಕ್ಕಿನ ಜೊತೆ ಕಲೆತು ಹಾಳಾಗಬಾರದು. ನಮ್ಮ ಸುತ್ತಲೇ ಬೆಂಗಳೂರು ನೀಲಿ ದ್ರಾಕ್ಷಿಯ ತೋಟಗಳಿವೆ, ಒಳ್ಳೆಯ ಕೊಟ್ಟಿಗೆ ಗೊಬ್ಬರಕ್ಕೆ ತೋಟದವರು ಹುಡುಕಾಡುತ್ತಿದ್ದಾರೆ. ದಿನಾ ಬೆಳಿಗ್ಗೆ ಸಗಣಿ ಎತ್ತಿ ಒಂದು ಕಡೆ ರಾಶಿ ಹಾಕಿ, ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ಬಯಲಲ್ಲೇ ಹರಾಜು ಹಾಕೋಣ. ಬಂದ ಅಷ್ಟೂ ಹಣ ಬಯಲಿಗೇ. ಇದಕ್ಕೆ ದಿನಕ್ಕೆ 50 ಜೊತೆ ಕೈ ಬೇಕು. ಎನ್ನೆಸ್ಸೆಸ್ ಮಕ್ಕಳೇ, ನಿಮ್ಮನ್ನು ನೆಚ್ಚಿಕೊಂಡಿದ್ದೇವೆ.

ಲೆಕ್ಕದ ವಿಷಯದಲ್ಲಿ ಯಾರಿಗೂ ಅನುಮಾನ ಬೇಡ. ಇದು ದೇವಸ್ಥಾನದ ಹುಂಡಿಗೆ ಸಂಬಂಧಪಟ್ಟದ್ದಲ್ಲ, ಯಾವ ಪಕ್ಷದ್ದೂ ಅಲ್ಲ. 10 ರೂಪಾಯಿ ಕೊಟ್ಟರೂ ರಸೀದಿ ಕೇಳಿ ಪಡೆಯಿರಿ. ಬಂದದ್ದು, ಖರ್ಚಾದದ್ದು ಎರಡನ್ನೂ ವಾರವಾರ ಬಯಲಿನ ಬೋರ್ಡಿನಲ್ಲಿ ಬರೆಯುತ್ತೇವೆ, ತೇರಿನ ಮಾರನೇ ದಿನ ಎಲ್ಲರೆದುರು ಓದುತ್ತೇವೆ. ತಪ್ಪು ಕಂಡರೆ ಅಲ್ಲೇ ಎದ್ದು ಕೇಳಿ. ದೇಣಿಗೆ ಕೊಟ್ಟ ದೊಡ್ಡವರ ಹೆಸರಿನ ಕಲ್ಲು ನೆಡುವುದಿಲ್ಲ.

ಕಾರ್ತಿಕ ಮಾಸದ ಎಲ್ಲಾ ಭಾನುವಾರ ಬೆಳಿಗ್ಗೆ 7 ಗಂಟೆಗೆ ಬಯಲಿನಲ್ಲಿ ಸೇರುತ್ತೇವೆ. ಒಂದು ಮನೆಯಿಂದ ಒಬ್ಬರು, ಒಂದೇ ಒಂದು ಭಾನುವಾರ. ಗುದ್ದಲಿ, ಬಾಂಡ್ಲಿ, ಮಚ್ಚು, ಏನಿದೆಯೋ ತನ್ನಿ. ಟ್ರ್ಯಾಕ್ಟರ್ ಇದ್ದವರು ಟ್ರೈಲರ್ ಸಮೇತ ಬನ್ನಿ, ಡೀಸೆಲ್ ನಮ್ಮದು. ಗಾರೆ ಕೆಲಸ, ಪ್ಲಂಬಿಂಗ್, ಕರೆಂಟಿನ ಕೆಲಸ ಬಲ್ಲವರು ಮೊದಲನೇ ಭಾನುವಾರವೇ ಬಂದರೆ ಮುಂದಿನ ಕೆಲಸ ಸರಾಗ. ಕೂತು ಲೆಕ್ಕ ಬರೆಯಬಲ್ಲ ಹಿರಿಯರಿಗೂ ಕೆಲಸವಿದೆ. ಮಧ್ಯಾಹ್ನಕ್ಕೆ ಮುದ್ದೆ, ಸೊಪ್ಪಿನ ಸಾರು ಇರುತ್ತದೆ. ಬರಲಾಗದವರು ಈ ಕರಪತ್ರವನ್ನು ನಿಮ್ಮೂರ ಹಾಲಿನ ಡೇರಿಯ ಗೋಡೆಗೆ ಅಂಟಿಸಿ, ಸಂಜೆ ಹಾಲು ಹಾಕಲು ಬಂದವರಿಗೆ ಓದಿ ಹೇಳಿ.

ಇಂತಿ,
ಘಾಟಿ ಬಯಲಿನಲ್ಲಿ ದನ ಕಟ್ಟುವ ರೈತರು