ಗೃಹವಿಚಾರ: ‘ಎಲ್ಲರ ಮುಖವೂ ಒಂದೇ’ ಎಂಬ ಮಾತು

ಕಾರ್ಕಳದಿಂದ ಕುದುರೆಮುಖದ ಕಡೆಗೆ ಹೋಗುವ ಹಾದಿಯಲ್ಲಿ ಬಜಗೋಳಿ ಎಂಬ ಪೇಟೆಯುಂಟು. ಆ ಸೀಮೆಯವರು ಔಷಧೋಪಚಾರಕ್ಕಾಗಿಯೋ ಮಕ್ಕಳ ವಿದ್ಯೆಗಾಗಿಯೋ ಮಣಿಪಾಲಕ್ಕೆ ಹೋಗಿಬರುವುದು ವಾಡಿಕೆ. 1997ರಲ್ಲಿ ಮೆಲಾಕಾ ಮಣಿಪಾಲ ವೈದ್ಯಕೀಯ ಕಾಲೇಜು ಆರಂಭವಾದ ತರುವಾಯ ಅನೇಕ ವರ್ಷಗಳ ಕಾಲ ಮಲೇಶಿಯಾದ ವಿದ್ಯಾರ್ಥಿಗಳು ಅಲ್ಲಿಗೆ ಬಂದು ಕಲಿತು ಹೋದರು. ಅವರಲ್ಲಿ ಚೀನೀ ಮನೆತನದವರೂ ಮಲಯರೂ ಇದ್ದರು. ಇಂಥವರನ್ನು ಮೊದಲ ಸಲ ಕಂಡವರು ಆಡುವ ಮಾತು ಒಂದೇ: “ಇವರೆಲ್ಲ ಒಂದೇ ಅಚ್ಚಿನವರು, ಯಾರು ಯಾರೆಂದು ತಿಳಿಯುವುದು ಹೇಗೆ?” ಇದು ಆ ಮುಖಗಳ ಗುಣವೋ, ನೋಡುವ ಕಣ್ಣಿನ ಗುಣವೋ ಎಂದು ವಿಚಾರಿಸುವವರು ಮಾತ್ರ ವಿರಳ.

ಅವಳಿ ಮಕ್ಕಳ ಮನೆಯನ್ನು ನೆನೆದರೆ ಇದರ ಮರ್ಮವು ತಿಳಿಯುವುದು. ನೆರೆಯವರು ದಿನವೂ ರಾಮನನ್ನು ಲಕ್ಷ್ಮಣನೆಂದು ಕರೆಯುವರು. ತಾಯಿಗಾದರೋ ಸಂಶಯವೇ ಇಲ್ಲ. ಮಕ್ಕಳು ಇಬ್ಬರಿಗೂ ಅವರೇ. ಪಳಗಿದ ಕಣ್ಣು ಮಾತ್ರ ಬೇರೆ.

ಶಾಸ್ತ್ರಜ್ಞರೂ ಇದನ್ನೇ ಕಂಡಿರುವರು. ಜನರು ಸ್ವಜನಾಂಗದ ಮುಖಗಳನ್ನು ಚೆನ್ನಾಗಿಯೂ ಪರಜನಾಂಗದ ಮುಖಗಳನ್ನು ಅಷ್ಟು ಚೆನ್ನಾಗಿಯಲ್ಲದೆಯೂ ಗುರುತಿಸುವರೆಂಬ ವಿಚಾರವನ್ನು ಅಮೇರಿಕದ ಮಾಲ್ಪಾಸ್ ಮತ್ತು ಕ್ರಾವಿಟ್ಸ್ ಎಂಬವರು 1969ರಲ್ಲಿ ಪರೀಕ್ಷೆಗೆ ಒಡ್ಡಿದರು. ಬಳಿಕ ನಾನಾ ದೇಶಗಳಲ್ಲಿ ಇಂಥ ಪರೀಕ್ಷೆಗಳು ನಡೆದುವು. 2007ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಬಿಳಿಯರ ಮೂರು ತಿಂಗಳ ಶಿಶುಗಳು ಎಲ್ಲ ಜನಾಂಗದ ಮುಖಗಳ ಭೇದವನ್ನೂ ಕಂಡವು; ಒಂಬತ್ತು ತಿಂಗಳಿನವು ತಮ್ಮವರ ಮುಖಗಳ ಭೇದವನ್ನು ಮಾತ್ರ ಕಂಡವು. ಬಾಲ್ಯದಲ್ಲಿಯೇ ಫ್ರೆಂಚ್ ಮನೆಗಳಿಗೆ ದತ್ತು ಹೋದ ಕೊರಿಯದ ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ಕೊರಿಯದವರಿಗಿಂತ ಫ್ರೆಂಚರ ಮುಖಗಳನ್ನೇ ಮೇಲಾಗಿ ಗುರುತಿಸಿದರೆಂದು 2005ರ ಇನ್ನೊಂದು ಪರೀಕ್ಷೆಯು ತೋರಿಸಿತು. ಆದುದರಿಂದ ಈ ಕುಂದು ರಕ್ತದಲ್ಲಿ ಬಂದುದಲ್ಲ, ರೂಢಿಯಿಂದ ಬಂದುದು. ನಮಗೆ ಅವರೆಲ್ಲ ಒಂದೇ ಆಗಿ ತೋರಿದಂತೆ ಅವರಿಗೂ ನಾವು ತೋರುವೆವು.

ಇದು ನಗೆಮಾತಿನ ವಿಷಯವಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. 1984ರಲ್ಲಿ ಅಮೇರಿಕದ ಉತ್ತರ ಕೆರೊಲಿನಾದಲ್ಲಿ ಬಲಾತ್ಕಾರಕ್ಕೊಳಗಾದ ಬಿಳಿಯ ತರುಣಿಯೋರ್ವಳು ರೊನಾಲ್ಡ್ ಕಾಟನ್ ಎಂಬ ಆಫ್ರಿಕ ಮೂಲದ ಯುವಕನನ್ನು ಅಪರಾಧಿಯೆಂದು ಗುರುತಿಸಿದಳು. ಆಕೆ ಸುಳ್ಳಾಡಿದವಳಲ್ಲ, ಮನಃಪೂರ್ವಕವಾಗಿ ನಂಬಿಯೇ ಹೇಳಿದಳು. ನಿರಪರಾಧಿಯು ಹತ್ತು ವರ್ಷಕ್ಕೂ ಮಿಕ್ಕಿ ಸೆರೆಮನೆಯಲ್ಲಿದ್ದನು. 1995ರಲ್ಲಿ ಡಿ.ಎನ್.ಎ. ಪರೀಕ್ಷೆಯಿಂದ ನಿಜವು ಹೊರಬಿದ್ದು ಅವನಿಗೆ ಬಿಡುಗಡೆಯಾಯಿತು. ನಮ್ಮ ದೇಶದಲ್ಲಿಯೂ ಗುರುತಿನ ಪೆರೇಡು ಎಂಬ ಪದ್ಧತಿಯುಂಟು. ದೂರದ ನಾಡುಗಳಿಂದ ಕೂಲಿಗೆ ಬಂದವರೂ ನಮ್ಮ ಊರುಗಳಲ್ಲಿರುವರು. ಕಳವಾದ ಮನೆಯವರು ಕೋಪದ ಭರದಲ್ಲಿ “ಇವನೇ” ಎಂದು ಬೆರಳು ತೋರಿಸುವ ಮೊದಲು ಎರಡು ಸಲ ಯೋಚಿಸಬೇಕು. ನಿಶ್ಚಯವಿಲ್ಲದಿದ್ದರೆ “ನಿಶ್ಚಯವಿಲ್ಲ” ಎನ್ನುವುದೇ ಧರ್ಮ.

ನಮ್ಮವರನ್ನೇ ಹೊರಗಿನವರೆಂದು ತಿಳಿಯುವುದೂ ಉಂಟು. ಯಲ್ಲಾಪುರ, ಹಳಿಯಾಳಗಳ ಸಿದ್ದಿಯರ ಪೂರ್ವಜರು ಆಫ್ರಿಕದಿಂದ ಬಂದು ಶತಮಾನಗಳು ಕಳೆದಿವೆ. ಕೊಂಕಣಿ, ಕನ್ನಡಗಳು ಅವರ ಮಾತು. ಆದರೂ ಮುಖವನ್ನು ನೋಡಿದ ಮಾತ್ರಕ್ಕೆ “ನಿಮ್ಮದು ಯಾವ ದೇಶ?” ಎಂದು ಕೇಳುವವರಿರುವರು.

ಇದಕ್ಕೆ ಮದ್ದು ಮನೆಯಲ್ಲಿಯೇ ಉಂಟು. ಅಂಗಡಿಯಲ್ಲಿಯೋ ತೋಟದಲ್ಲಿಯೋ ಹೊರನಾಡಿನವರು ದಿನವೂ ಎದುರಾದರೆ ಅವರ ಹೆಸರನ್ನು ಕೇಳಿ ತಿಳಿದು, ಆ ಹೆಸರಿನಿಂದಲೇ ಕರೆಯಬೇಕು. ಟೊಪ್ಪಿಯನ್ನೋ ಅಂಗಿಯನ್ನೋ ಗುರುತಾಗಿ ಇಟ್ಟುಕೊಳ್ಳದೆ ಹುಬ್ಬು, ಮೂಗು, ಗಲ್ಲ, ನಗುವ ರೀತಿಗಳನ್ನು ಗಮನಿಸಬೇಕು. ಮಕ್ಕಳು “ಅವರೆಲ್ಲ ಒಂದೇ” ಎಂದಾಗ ನಕ್ಕು ಸುಮ್ಮನಾಗದೆ, “ಅವರಲ್ಲಿ ಇಬ್ಬರ ಹೆಸರನ್ನು ತಿಳಿದುಕೊಂಡು ಬಾ” ಎಂದು ಹೇಳಬೇಕು. ಹೆಸರು ತಿಳಿದವನ ಮುಖವು ಬಹುಕಾಲ ಗುಂಪಿನಲ್ಲಿ ಮರೆಯಾಗಿರದು.