ಸ್ಲಾಟ್ ಎಷ್ಟಿದೆ ಎಂದು ಪೆಟ್ಟಿಗೆಯೇ ಹೇಳಲಿ

ಗೇಮಿಂಗ್ ಲ್ಯಾಪ್‌ಟಾಪ್‌ನ ಎಲ್ಲ ಭಾಗಗಳೂ ಒಂದೇ ಹೊತ್ತಿಗೆ ಹಳತಾಗುವುದಿಲ್ಲ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಇನ್ನೂ ಚೆನ್ನಾಗಿ ದುಡಿಯುತ್ತಿರುವಾಗಲೇ ಸ್ಟೋರೇಜ್ ತುಂಬಿಹೋಗುತ್ತದೆ, ರ‍್ಯಾಮ್ ಸಾಲದಾಗುತ್ತದೆ. ನಮ್ಮ ಮಾರುಕಟ್ಟೆಯಲ್ಲಿ ಆರಂಭಿಕ ದರ್ಜೆಯ ಗೇಮಿಂಗ್ ಲ್ಯಾಪ್‌ಟಾಪ್ ಎಂದರೆ ಬಹುಕಾಲ 8 ಜಿಬಿ ರ‍್ಯಾಮ್ ಮತ್ತು 512 ಜಿಬಿ ಎಸ್‌ಎಸ್‌ಡಿ ಎಂದೇ ಅರ್ಥವಿತ್ತು. ಆ 512 ಕೂಡ ವಿಂಡೋಸ್‌ನ ಲೆಕ್ಕದಲ್ಲಿ ಸುಮಾರು 476 ಎಂದು ಕಾಣಿಸುತ್ತದೆ; ಅದರಲ್ಲಿ ವಿಂಡೋಸ್ ತನ್ನ ಪಾಲನ್ನು ತೆಗೆದುಕೊಳ್ಳುತ್ತದೆ. 2023ರಲ್ಲಿ ಬಂದ ‘ಬಾಲ್ಡರ್ಸ್ ಗೇಟ್ 3’ ಕೇಳುವ ಜಾಗ 150 ಜಿಬಿ, ಅದೇ ವರ್ಷದ ‘ಸ್ಟಾರ್‌ಫೀಲ್ಡ್’ಗೆ 125 ಜಿಬಿ. ಇವೆರಡನ್ನೇ ಹಾಕಿಕೊಂಡರೂ ಅರ್ಧಕ್ಕಿಂತ ಹೆಚ್ಚು ಸ್ಟೋರೇಜ್ ಮುಗಿಯಿತು. ‘ಸ್ಟಾರ್‌ಫೀಲ್ಡ್’ನ ಕನಿಷ್ಠ ಅಗತ್ಯವೇ 16 ಜಿಬಿ ರ‍್ಯಾಮ್. ಈ ಹಂತದಲ್ಲಿ ಲ್ಯಾಪ್‌ಟಾಪ್ ಇನ್ನಷ್ಟು ವರ್ಷ ಬಾಳುತ್ತದೋ ಮೂಲೆ ಸೇರುತ್ತದೋ ಎಂಬುದು ಅದರ ತಳದ ಮುಚ್ಚಳದೊಳಗೆ ಖಾಲಿ ಸ್ಲಾಟ್ ಇದೆಯೇ ಇಲ್ಲವೇ ಎಂಬುದರ ಮೇಲೆ ನಿಂತಿದೆ. ಇಷ್ಟು ಮುಖ್ಯವಾದ ಸಂಗತಿ ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದು ಅಪರೂಪ. ಅದನ್ನು ಕಡ್ಡಾಯ ಮಾಡಬೇಕು ಎಂಬುದು ಈ ಲೇಖನದ ವಾದ.

ಲ್ಯಾಪ್‌ಟಾಪ್‌ನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್‌ಗಳನ್ನು ಮದರ್‌ಬೋರ್ಡಿಗೆ ಬೆಸೆದಿರುತ್ತಾರೆ. ಕೆಲವೇ ಮಾದರಿಗಳನ್ನು ಬಿಟ್ಟರೆ ಅವನ್ನು ಮುಂದೆ ಬದಲಿಸಲು ದಾರಿಯಿಲ್ಲ. ರ‍್ಯಾಮ್ ಮತ್ತು ಎಸ್‌ಎಸ್‌ಡಿ ಹಾಗಲ್ಲ. ಬಹಳಷ್ಟು ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಇಂದಿಗೂ ಎರಡು ರ‍್ಯಾಮ್ ಸ್ಲಾಟ್, ಎಸ್‌ಎಸ್‌ಡಿ ಕೂರಿಸುವ ಎರಡು ಎಂ.2 ಸ್ಲಾಟ್ ಇರುತ್ತವೆ. ಕೆಲವು ಸ್ಕ್ರೂ ಬಿಚ್ಚಿ, ಬ್ಯಾಟರಿಯ ತಂತಿ ಕಳಚಿ, ಹೊಸದನ್ನು ಕೂರಿಸಿದರೆ ಕೆಲಸ ಮುಗಿಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ಜಿಲ್ಲಾ ಕೇಂದ್ರಗಳ ಕಂಪ್ಯೂಟರ್ ಅಂಗಡಿಗಳವರೆಗೆ ಇದನ್ನು ನಿತ್ಯ ಮಾಡುವ ಕೈಗಳಿವೆ. ಹಾಗಾಗಿ ಜೇಬಿನಲ್ಲಿರುವ ಹಣಕ್ಕೆ ಮಿತಿಯಿದ್ದರೆ ಅದನ್ನು ಮುಂದೆ ಬದಲಿಸಲಾಗದ ಭಾಗಕ್ಕೆ, ಅಂದರೆ ಉತ್ತಮ ಗ್ರಾಫಿಕ್ಸ್ ಚಿಪ್‌ಗೆ ಹಾಕುವುದು, ರ‍್ಯಾಮ್ ಮತ್ತು ಸ್ಟೋರೇಜನ್ನು ಕಡಿಮೆಯಲ್ಲಿ ಆರಂಭಿಸಿ ಬೇಕಾದಾಗ ಸೇರಿಸುವುದು ಜಾಣತನ. ಆದರೆ ಸ್ಲಾಟ್ ಇದೆಯೆಂದು ಖಚಿತವಾಗಿ ತಿಳಿದವರು ಮಾತ್ರ ಈ ಲೆಕ್ಕ ಹಾಕಬಲ್ಲರು. ತಿಳಿಯದವರು ಯಾವುದಕ್ಕೂ ಇರಲಿ ಎಂದು ದುಬಾರಿ ಮಾದರಿಗೆ ಹಣ ತೆರುತ್ತಾರೆ, ಇಲ್ಲವೇ ಬೆಸೆದ 8 ಜಿಬಿಯನ್ನೇ ಮನೆಗೆ ತಂದು ಎರಡು ವರ್ಷಕ್ಕೆ ಕೈಚೆಲ್ಲುತ್ತಾರೆ.

ರ‍್ಯಾಮ್ ಹೆಚ್ಚಿಸಿದರೆ ಆಟದ ವೇಗವೇನೂ ಹೆಚ್ಚುವುದಿಲ್ಲ, ಅದು ಗ್ರಾಫಿಕ್ಸ್ ಚಿಪ್‌ನ ಕೆಲಸ ಎಂಬ ಆಕ್ಷೇಪವಿದೆ. ಅರ್ಧ ನಿಜ. 16 ಜಿಬಿ ಸಾಕಾಗುವ ಆಟಕ್ಕೆ 32 ಜಿಬಿ ಹಾಕಿದರೆ ಸಿಗುವುದು ಬಹಳ ಕಡಿಮೆ. ಆದರೆ 8 ಜಿಬಿಯಲ್ಲಿ ಉಸಿರು ಕಟ್ಟಿದ ಯಂತ್ರದ ಕಥೆ ಬೇರೆ. ರ‍್ಯಾಮ್ ತುಂಬಿದಾಗ ವಿಂಡೋಸ್ ದತ್ತಾಂಶವನ್ನು ಎಸ್‌ಎಸ್‌ಡಿಗೆ ಸಾಗಿಸಿ ಮತ್ತೆ ತರಿಸಿಕೊಳ್ಳಬೇಕಾಗುತ್ತದೆ. ಸರಾಸರಿ ಫ್ರೇಮ್ ಸಂಖ್ಯೆ ಚೆನ್ನಾಗಿ ಕಂಡರೂ ಆಟ ನಡುನಡುವೆ ತಡವರಿಸುವುದು ಹೀಗೆ. ಇನ್ನೊಂದು ಅಂಶವನ್ನು ಜಾಹೀರಾತುಗಳು ಹೇಳುವುದೇ ಇಲ್ಲ. 3200 ವೇಗದ ಡಿಡಿಆರ್4 ಸ್ಟಿಕ್ ಒಂದೇ ಇದ್ದರೆ ಸೆಕೆಂಡಿಗೆ ಗರಿಷ್ಠ 25.6 ಜಿಬಿ ದತ್ತಾಂಶ ಹರಿಯಬಲ್ಲದು. ಎರಡು ಸ್ಟಿಕ್ ಇದ್ದರೆ ಎರಡು ಚಾನೆಲ್ ತೆರೆದು ಅದು 51.2 ಜಿಬಿ ಆಗುತ್ತದೆ. ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಇದೇ ರ‍್ಯಾಮನ್ನು ಹಂಚಿಕೊಳ್ಳುವುದರಿಂದ ಅಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುವ ಯಂತ್ರದಲ್ಲೂ ಪ್ರೊಸೆಸರ್‌ಗೆ ಹೆಚ್ಚು ಕೆಲಸ ಕೊಡುವ ಆಟಗಳಲ್ಲಿ ಅದು ತಿಳಿಯುತ್ತದೆ. ಎಷ್ಟೋ ಲ್ಯಾಪ್‌ಟಾಪ್‌ಗಳು ಒಂದೇ ಸ್ಟಿಕ್‌ನೊಂದಿಗೆ, ಅಂದರೆ ಅರ್ಧ ಸಾಮರ್ಥ್ಯದಲ್ಲೇ ಕಾರ್ಖಾನೆಯಿಂದ ಹೊರಬರುತ್ತವೆ. ಕೊಂಡವರಿಗೆ ಅದು ಗೊತ್ತೇ ಇರುವುದಿಲ್ಲ.

ಸ್ಟೋರೇಜ್ ವಿಷಯದಲ್ಲಿ ನಾನು ವೇಗಕ್ಕಿಂತ ಜಾಗಕ್ಕೆ ಮಹತ್ವ ಕೊಡುತ್ತೇನೆ. ಹಳೆಯ ಹಾರ್ಡ್ ಡಿಸ್ಕ್‌ನಿಂದ ಎಸ್‌ಎಸ್‌ಡಿಗೆ ಬಂದಾಗ ಆಗುವ ಬದಲಾವಣೆ ದೊಡ್ಡದು. ಮೇಲೆ ಹೇಳಿದ ಎರಡೂ ಆಟಗಳು ಎಸ್‌ಎಸ್‌ಡಿಯನ್ನೇ ಕೇಳುತ್ತವೆ. ಆದರೆ ಸೆಕೆಂಡಿಗೆ 3,500 ಎಂಬಿ ಓದುವ ಮೂರನೇ ಪೀಳಿಗೆಯ ಎನ್‌ವಿಎಂಇ ಎಸ್‌ಎಸ್‌ಡಿಯಿಂದ 7,000 ಎಂಬಿಯ ನಾಲ್ಕನೇ ಪೀಳಿಗೆಗೆ ಹೋದರೆ, ಬಹುಪಾಲು ಆಟಗಳು ತೆರೆದುಕೊಳ್ಳುವ ಸಮಯದಲ್ಲಿ ಹೇಳಿಕೊಳ್ಳುವಂಥ ಉಳಿತಾಯವಿಲ್ಲ. ಅದೇ ಹಣಕ್ಕೆ ಹೆಚ್ಚು ಜಾಗ ಕೊಳ್ಳುವುದೇ ಮೇಲು. ಎರಡನೇ ಎಂ.2 ಸ್ಲಾಟ್ ಇದ್ದರೆ ಹಳೆಯ ಡಿಸ್ಕನ್ನು ತೆಗೆಯಬೇಕಿಲ್ಲ, ವಿಂಡೋಸ್ ಮತ್ತೆ ಹಾಕಬೇಕಿಲ್ಲ. ಒಂದೇ ಸ್ಲಾಟ್ ಇದ್ದರೆ ಹಳೆಯದನ್ನು ಹೊಸದಕ್ಕೆ ಪೂರ್ತಿ ನಕಲು ಮಾಡುವ ತಾಪತ್ರಯ ಕಟ್ಟಿಟ್ಟದ್ದು.

ಆಟದ ಯಂತ್ರಕ್ಕೆ ಇಷ್ಟೆಲ್ಲ ಚರ್ಚೆ ಬೇಕೇ ಎನ್ನುವವರು ಈ ಲ್ಯಾಪ್‌ಟಾಪ್‌ಗಳನ್ನು ಯಾರು ಬಳಸುತ್ತಾರೆ ಎಂದು ಗಮನಿಸಲಿ. ಎಂಜಿನಿಯರಿಂಗ್ ಮತ್ತು ವಾಸ್ತುಶಿಲ್ಪದ ವಿದ್ಯಾರ್ಥಿಗಳು, ವಿಡಿಯೊ ಸಂಕಲನಕಾರರು, ಬ್ಲೆಂಡರ್ ತಂತ್ರಾಂಶದಲ್ಲಿ ಚಿತ್ರ ಕಟ್ಟುವವರು ಒಳ್ಳೆಯ ಗ್ರಾಫಿಕ್ಸ್ ಕೈಗೆಟಕುವ ಬೆಲೆಗೆ ಬೇಕೆಂದಾಗ ಕೊಳ್ಳುವುದು ಇವನ್ನೇ. ಪೋಷಕರು ಕಂತಿನಲ್ಲಿ ಕೊಡಿಸಿದ ಯಂತ್ರ ನಾಲ್ಕು ವರ್ಷದ ಕೋರ್ಸ್ ಮುಗಿಯುವವರೆಗೆ ಬಾಳುವುದು ಆ ಮನೆಗಳಿಗೆ ಸಣ್ಣ ವಿಷಯವಲ್ಲ. ಪರಿಸರದ ಲೆಕ್ಕವೂ ಇದೆ. ಲ್ಯಾಪ್‌ಟಾಪ್ ತನ್ನ ಜೀವಮಾನದಲ್ಲಿ ಉಂಟುಮಾಡುವ ಇಂಗಾಲದ ಹೊರಸೂಸುವಿಕೆಯ ಹೆಚ್ಚಿನ ಪಾಲು ತಯಾರಿಕೆಯ ಹಂತದಲ್ಲೇ ಆಗುತ್ತದೆ ಎಂದು ತಯಾರಕರ ವರದಿಗಳೇ ಹೇಳುತ್ತವೆ. ಒಂದು ಸ್ಟಿಕ್ ಸೇರಿಸಿ ಎರಡು ವರ್ಷ ಹೆಚ್ಚು ಬಳಸುವುದು ಹೊಸ ಯಂತ್ರ ಕೊಳ್ಳುವುದಕ್ಕಿಂತ ಎಲ್ಲ ರೀತಿಯಲ್ಲೂ ಹಗುರ.

ತಯಾರಕರ ಕಡೆಯ ಗಟ್ಟಿ ವಾದ ತಾಂತ್ರಿಕವಾದದ್ದು. ಕಡಿಮೆ ವಿದ್ಯುತ್ ಬಳಸುವ ಎಲ್‌ಪಿಡಿಡಿಆರ್ ರ‍್ಯಾಮನ್ನು ಪ್ರೊಸೆಸರ್ ಪಕ್ಕದಲ್ಲೇ ಬೆಸೆದರೆ ಸಂಕೇತ ಸಾಗುವ ದೂರ ಕಡಿಮೆ, ವೇಗ ಹೆಚ್ಚು, ವಿದ್ಯುತ್ ಉಳಿತಾಯ, ಯಂತ್ರವೂ ತೆಳು. 2012ರ ರೆಟಿನಾ ಮ್ಯಾಕ್‌ಬುಕ್ ಪ್ರೊ ಹಿಡಿದ ಬೆಸುಗೆಯ ದಾರಿಗೆ ಗೇಮಿಂಗ್ ಲ್ಯಾಪ್‌ಟಾಪ್‌ಗಳೂ ಬರುತ್ತಿವೆ; 2024ರ ಏಸುಸ್ ಜೆಫೈರಸ್ ಜಿ14ರಲ್ಲಿ ರ‍್ಯಾಮ್ ಪೂರ್ತಿ ಬೆಸೆದದ್ದು. ಈ ಲಾಭಗಳು ನಿಜವಾದವು, ಅವನ್ನು ಅಲ್ಲಗಳೆಯುವುದು ಸರಿಯಲ್ಲ. ರಿಪೇರಿಗೆ ಅನುಕೂಲವಾದ ಯಂತ್ರಗಳಿಗೇ ಹೆಸರಾದ ಫ್ರೇಮ್‌ವರ್ಕ್ ಕಂಪನಿ ಕೂಡ 2025ರ ತನ್ನ ಡೆಸ್ಕ್‌ಟಾಪ್‌ನಲ್ಲಿ ರ‍್ಯಾಮನ್ನು ಬೆಸೆಯಬೇಕಾಯಿತು. ಆದರೆ ಬೆಸುಗೆಯೊಂದೇ ದಾರಿ ಎಂಬುದು ಸುಳ್ಳಾಗಿದೆ. ಮೆಮೊರಿ ಮಾನದಂಡಗಳನ್ನು ರೂಪಿಸುವ ಜೆಡೆಕ್ 2023ರ ಡಿಸೆಂಬರ್‌ನಲ್ಲಿ ಸಿಎಎಂಎಂ2 ಎಂಬ, ಬಿಚ್ಚಿ ಬದಲಿಸಬಹುದಾದ ಹೊಸ ಮೆಮೊರಿ ಮಾದರಿಯನ್ನು ಪ್ರಕಟಿಸಿತು. ಅದರ ಎಲ್‌ಪಿಸಿಎಎಂಎಂ2 ರೂಪವನ್ನು ಲೆನೊವೊ 2024ರಲ್ಲೇ ಥಿಂಕ್‌ಪ್ಯಾಡ್ ಪಿ1ರಲ್ಲಿ ಅಳವಡಿಸಿತು. ಎಲ್‌ಪಿಡಿಡಿಆರ್‌ನ ಗುಣವೂ ಬೇಕು, ಸ್ಕ್ರೂ ಬಿಚ್ಚಿ ಬದಲಿಸುವ ಅವಕಾಶವೂ ಬೇಕು ಎಂದರೆ ಎರಡೂ ಸಾಧ್ಯ ಎಂಬುದಕ್ಕೆ ಅದೇ ಸಾಕ್ಷಿ. ಆದ್ದರಿಂದ ನಾನು ಬೆಸುಗೆಯ ನಿಷೇಧ ಕೇಳುತ್ತಿಲ್ಲ. ಬೆಸೆದಿದ್ದರೆ ಬೆಸೆದಿದೆ ಎಂದು ದೊಡ್ಡ ಅಕ್ಷರದಲ್ಲಿ ಬರೆಯಿರಿ ಎನ್ನುತ್ತಿದ್ದೇನೆ.

2025ರ ಕೊನೆಯಿಂದ ಇನ್ನೊಂದು ಪ್ರಶ್ನೆ ಎದ್ದಿದೆ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದರಿಂದ ರ‍್ಯಾಮ್ ಬೆಲೆ ತೀವ್ರವಾಗಿ ಏರಿತು. ಕ್ರೂಷಿಯಲ್ ಹೆಸರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಮೆಮೊರಿ ತಯಾರಕ ಮೈಕ್ರಾನ್ ಆ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಹೀಗಿರುವಾಗ ಮುಂದೆ ಸೇರಿಸಿಕೊಳ್ಳಿ ಎಂಬ ಸಲಹೆಗೆ ಅರ್ಥವಿದೆಯೇ? ನನ್ನ ಪ್ರಕಾರ ಈಗಲೇ ಹೆಚ್ಚು ಅರ್ಥವಿದೆ. ಸ್ಲಾಟ್ ಇದ್ದವರು ಬೆಲೆ ಇಳಿಯುವವರೆಗೆ ಕಾಯಬಹುದು, ಪರಿಚಯದವರ ಹಳೆಯ ಯಂತ್ರದ ಹೊಂದುವ ಸ್ಟಿಕ್ ಹಾಕಿಕೊಳ್ಳಬಹುದು. ಬೆಸೆದ ಯಂತ್ರ ಕೊಳ್ಳುವವರು ಏರಿದ ಬೆಲೆಯ ದಿನವೇ ಮುಂದಿನ ಐದು ವರ್ಷದ ರ‍್ಯಾಮಿಗೂ ಹಣ ಕಟ್ಟಬೇಕು.

ವಾರಂಟಿಯ ಭಯ ಇನ್ನೂ ಉಳಿದಿದೆ. ಮುಚ್ಚಳ ತೆರೆದರೆ ವಾರಂಟಿ ಹೋಗುತ್ತದೆ ಎಂಬ ಮಾತಿಗೆ ಹೆದರಿ ಎಷ್ಟೋ ಜನ ಖಾಲಿ ಸ್ಲಾಟ್ ಇದ್ದರೂ ಮುಟ್ಟುವುದಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥ ಷರತ್ತುಗಳ ಬಗ್ಗೆ 2018ರಲ್ಲಿ ಆರು ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತು. 2024ರಲ್ಲಿ ಮತ್ತೆ ಕಳಿಸಿದಾಗ ಗಿಗಾಬೈಟ್, ಏಸ್‌ರಾಕ್, ಜೊಟಾಕ್‌ನಂಥ ಗೇಮಿಂಗ್ ಯಂತ್ರಾಂಶದ ಹೆಸರುಗಳೂ ಅದರಲ್ಲಿದ್ದವು. ನಮ್ಮಲ್ಲೂ ದಾರಿ ಇಲ್ಲದಿಲ್ಲ. ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿ ಮೀರಿದ ದಂಡ ವಿಧಿಸಿತು. ಆದೇಶ ಮೇಲ್ಮನವಿಗಳಿಗೆ ಹೋಯಿತಾದರೂ ಅದು ಎತ್ತಿದ ಪ್ರಶ್ನೆಯೂ ಕೊಂಡ ವಸ್ತುವನ್ನು ಹೊರಗೆ ರಿಪೇರಿ ಮಾಡಿಸುವ ಹಕ್ಕಿನದೇ ಆಗಿತ್ತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು, 2024ರಲ್ಲಿ, ವಸ್ತುವನ್ನು ರಿಪೇರಿ ಮಾಡುವುದು ಎಷ್ಟು ಸುಲಭ ಎಂದು ಅಂಕದಲ್ಲಿ ಹೇಳುವ ರಿಪೇರಿ ಸೂಚ್ಯಂಕಕ್ಕೆ ಸಮಿತಿ ರಚಿಸಿತು. ಸಮಿತಿ 2025ರಲ್ಲಿ ಕೊಟ್ಟ ವರದಿಯ ಮೊದಲ ಗಮನ ಮೊಬೈಲ್ ಮತ್ತು ಟ್ಯಾಬ್ಲೆಟ್‌ಗಳ ಮೇಲಿದೆ. ಫ್ರಾನ್ಸ್ 2021ರ ಜನವರಿಯಲ್ಲಿ ಇಂಥ ಸೂಚ್ಯಂಕವನ್ನು ಜಾರಿಗೆ ತಂದಾಗ ಲ್ಯಾಪ್‌ಟಾಪ್ ಮೊದಲ ಪಟ್ಟಿಯಲ್ಲೇ ಇತ್ತು.

ನಮ್ಮ ಗ್ರಾಹಕ ವ್ಯವಹಾರಗಳ ಇಲಾಖೆಯೂ ಲ್ಯಾಪ್‌ಟಾಪನ್ನು ತನ್ನ ಸೂಚ್ಯಂಕದೊಳಗೆ ತರಬೇಕು. ರ‍್ಯಾಮ್ ಸ್ಲಾಟ್ ಎಷ್ಟು, ಅದರಲ್ಲಿ ಖಾಲಿ ಎಷ್ಟು, ಬೆಸೆದದ್ದು ಎಷ್ಟು, ಗರಿಷ್ಠ ಎಷ್ಟು ಜಿಬಿ ಹಿಡಿಯುತ್ತದೆ, ಎಂ.2 ಸ್ಲಾಟ್ ಎಷ್ಟು, ಗ್ರಾಹಕರೇ ಮುಚ್ಚಳ ತೆರೆದರೆ ವಾರಂಟಿ ಉಳಿಯುತ್ತದೆಯೇ ಎಂಬುದನ್ನು ಪೆಟ್ಟಿಗೆಯ ಮೇಲೆಯೂ ಆನ್‌ಲೈನ್ ಮಾರಾಟದ ಪುಟದಲ್ಲೂ ಬರೆಯುವುದನ್ನು ಕಡ್ಡಾಯ ಮಾಡಬೇಕು. ಇದಕ್ಕೆ ಕಂಪನಿಗಳು ಹೊಸ ಕಾರ್ಖಾನೆ ಕಟ್ಟಬೇಕಿಲ್ಲ, ಮಾಹಿತಿ ಅವರ ಸರ್ವಿಸ್ ಕೈಪಿಡಿಯಲ್ಲೇ ಇದೆ. ನಿಯಮ ಬರುವವರೆಗೆ ಗ್ರಾಹಕರು ಇದೇ ಪ್ರಶ್ನೆಗಳನ್ನು ಅಂಗಡಿಯಲ್ಲಿ ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದಿದ್ದರೆ ಬೇರೆ ಮಾದರಿ ನೋಡಿ.